ಮಾರ್ಚ್ 10ರಿಂದ ಏಪ್ರಿಲ್ 10: ಬೋರ್ಡಿಂಗ್ ಸ್ಕೂಲಿನ ಉತ್ತರ ಬಂದಾಗ ಮನೆಯವರು ಏನೇನು ಮಾಡಬೇಕು

ಅಮೆರಿಕದ ಬೋರ್ಡಿಂಗ್ ಸ್ಕೂಲುಗಳಿಗೆ ಅರ್ಜಿ ಹಾಕಿದವರು ಕ್ಯಾಲೆಂಡರಿನಲ್ಲಿ ಎರಡು ತಾರೀಕಿಗೆ ಸುತ್ತು ಹಾಕಿಟ್ಟಿರುತ್ತಾರೆ. ಒಂದು ಮಾರ್ಚ್ 10, ಇನ್ನೊಂದು ಏಪ್ರಿಲ್ 10. ಮೊದಲನೇ ದಿನ ಬಹಳಷ್ಟು ಶಾಲೆಗಳು ಒಟ್ಟಿಗೆ ಉತ್ತರ ಕೊಡುತ್ತವೆ. ಎರಡನೇ ತಾರೀಕಿನೊಳಗೆ ನಾವು ಅವರಿಗೆ ಉತ್ತರ ಕೊಡಬೇಕು. ಚಳಿಗಾಲ ಪೂರ್ತಿ ಎಲ್ಲರೂ ಮೊದಲನೇ ತಾರೀಕನ್ನೇ ನೆನೆಸಿಕೊಂಡು ನಿದ್ದೆಗೆಡುತ್ತಾರೆ. ಆದರೆ ಕೈತುಂಬ ಕೆಲಸ ಇರೋದು ಈ ಎರಡು ತಾರೀಕುಗಳ ನಡುವೆ. ಅಲ್ಲಿಯವರೆಗೆ ಶಾಲೆ ನಮ್ಮ ಮಗುವನ್ನು ಅಳೆದು ನೋಡುತ್ತಿತ್ತು. ಈಗ ಶಾಲೆಯನ್ನು ಅಳೆದು ನೋಡುವ ಸರದಿ ನಮ್ಮದು. ಇದು ನಮ್ಮ ತಲೆಗೆ ಹೋಗುವಷ್ಟರಲ್ಲಿ ಅರ್ಧ ತಿಂಗಳು ಕಳೆದಿತ್ತು.

ನಮ್ಮ ಮಗಳು ಒಂಬತ್ತನೇ ಕ್ಲಾಸಿಗೆ ಐದು ಶಾಲೆಗಳಿಗೆ ಹಾಕಿದ್ದಳು. ಎರಡು ಕಡೆ ಸೀಟು ಸಿಕ್ಕಿತು, ಎರಡು ಕಡೆ ವೇಟ್‌ಲಿಸ್ಟ್, ಒಂದು ಕಡೆ ಇಲ್ಲ ಅಂದರು. ಅದರಲ್ಲಿ ನಾವು ಸರಿಯಾಗಿ ಮಾಡಿದ್ದು, ಎಡವಿದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹಿಂದಿನ ವಾರ

ಉತ್ತರ ಈಗ ಅಂಚೆಯಲ್ಲಿ ಬರೋದು ಕಡಿಮೆ. ಪ್ರತಿ ಶಾಲೆಗೂ ಒಂದು ಪೋರ್ಟಲ್ ಇರುತ್ತದೆ, ಅಲ್ಲಿ ಲಾಗಿನ್ ಆಗಿ ನೋಡಬೇಕು. ಒಂದೊಂದಕ್ಕೂ ಬೇರೆ ಪಾಸ್‌ವರ್ಡ್. ಕೆಲವು ಅಪ್ಪನ ಇಮೇಲಿನಲ್ಲಿ, ಕೆಲವು ಅಮ್ಮನದರಲ್ಲಿ, ಒಂದು ಮಗುವಿನದರಲ್ಲಿ. ಒಂದು ಹಾಳೆ ತಗೊಂಡು ಶಾಲೆಯ ಹೆಸರು, ಯಾರ ಇಮೇಲ್, ಪಾಸ್‌ವರ್ಡ್, ಉತ್ತರ ಎಷ್ಟು ಗಂಟೆಗೆ ಬರುತ್ತದೆ ಅಂತ ಬರೆದಿಡಿ. ಬರೆದು ಸುಮ್ಮನಾಗಬೇಡಿ, ಒಂದು ಸಲ ಎಲ್ಲದಕ್ಕೂ ಲಾಗಿನ್ ಆಗಿ ನೋಡಿ. ನಮ್ಮಲ್ಲಿ ಮೂರನೇ ಪೋರ್ಟಲ್ಲಿನ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಹೊಸದು ಮಾಡಲು ಕಳಿಸಿದ ಕೋಡು ಆಫೀಸಿನಲ್ಲಿದ್ದ ನಮ್ಮ ಯಜಮಾನರ ಫೋನಿಗೆ ಹೋಯಿತು, ಅವರು ಮೀಟಿಂಗಿನಲ್ಲಿದ್ದರು. ಮಗಳು ನಲವತ್ತು ನಿಮಿಷ ಉಗುರು ಕಚ್ಚಿಕೊಂಡು ಕೂತಿದ್ದಳು. ಬೇಕಿತ್ತಾ ಇದು?

ಗಂಟೆಯ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಅದು 8ರಿಂದ 14ರೊಳಗೆ ಬೀಳುತ್ತದೆ. 2024ರಲ್ಲಿ ಸರಿಯಾಗಿ ಮಾರ್ಚ್ 10ರಂದೇ ಬಿದ್ದಿತ್ತು. ಬೇರೆ ದೇಶದಿಂದ ನೋಡುವವರು ಹಳೆ ಲೆಕ್ಕ ಹಿಡಿದರೆ ಒಂದು ಗಂಟೆ ತಪ್ಪುತ್ತದೆ. ಎಲ್ಲ ಶಾಲೆಗಳೂ 10ನ್ನೇ ಪಾಲಿಸುತ್ತವೆ ಅಂತಲೂ ಇಲ್ಲ. ವರ್ಷವಿಡೀ ಅರ್ಜಿ ತಗೊಂಡು ಬಂದ ಹಾಗೆ ಉತ್ತರ ಕೊಡುವ ಶಾಲೆಗಳಿವೆ. ನಿಮ್ಮ ಶಾಲೆ ಹೇಳಿದ ದಿನ ಮತ್ತು ಗಂಟೆಯನ್ನೇ ಹಾಳೆಯಲ್ಲಿ ಬರೆಯಿರಿ.

ಆ ವಾರ ಗಂಡ ಹೆಂಡತಿ ಕೂತು ಮಾಡಬೇಕಾದ ಮಾತು ಒಂದಿದೆ: ವರ್ಷಕ್ಕೆ ಎಷ್ಟು ದುಡ್ಡು ನಮ್ಮ ಕೈಯಲ್ಲಾಗುತ್ತದೆ? ಹೆಸರಾಂತ ಶಾಲೆಗಳಲ್ಲಿ ಫೀಸು, ಊಟ, ವಸತಿ ಸೇರಿ ವರ್ಷಕ್ಕೆ 70 ಸಾವಿರ ಡಾಲರ್ ದಾಟಿದೆ. ನಾಲ್ಕು ವರ್ಷಕ್ಕೆ ಗುಣಿಸಿ. ಈ ಮಾತು ಸೀಟು ಸಿಕ್ಕ ಮೇಲೆ ಆಡಿದರೆ ಮಗುವಿನ ಕುಣಿದಾಟದ ಮುಂದೆ ಯಾವ ಲೆಕ್ಕವೂ ನಿಲ್ಲಲ್ಲ.

ಆ ಸಂಜೆ

ಯಾರು ತೆರೆದು ನೋಡಬೇಕು ಅಂತ ಮಗುವನ್ನೇ ಕೇಳಿ. ಅರ್ಜಿ ಅವರದು, ಪ್ರಬಂಧ ಬರೆದವರು ಅವರು, ಇಂಟರ್ವ್ಯೂನಲ್ಲಿ ಕೂತವರು ಅವರು. ಕೆಲವು ಮಕ್ಕಳಿಗೆ ಮನೆಯವರೆಲ್ಲ ಸುತ್ತ ಇರಬೇಕು. ನಮ್ಮವಳು "ನೀವಿಬ್ಬರೂ ಆಚೆ ರೂಮಿಗೆ ಹೋಗಿ" ಅಂದಳು. ಹೋದೆವು. ಫೋನ್ ಹಿಡಿದು ವಿಡಿಯೋ ಮಾಡುವ ಆಸೆ ಇದ್ದರೆ ಅದನ್ನು ಬಿಟ್ಟುಬಿಡಿ, ಇಲ್ಲ ಅನ್ನೋ ಉತ್ತರಕ್ಕೂ ಅದೇ ಕ್ಯಾಮೆರಾ ಎದುರಿಗಿರುತ್ತದೆ.

ಸೀಟು ಕೊಟ್ಟ ಕೆಲವು ಶಾಲೆಗಳ ಪೋರ್ಟಲ್ಲಿನಲ್ಲಿ ತೆರೆದ ಕೂಡಲೇ ಪರದೆಯ ಮೇಲೆ ಬಣ್ಣಬಣ್ಣದ ಕಾಗದದ ಚೂರು ಉದುರುತ್ತವೆ. ಅವಳು ಮೊದಲು ತೆರೆದದ್ದು ಅಂಥದ್ದು. ಎರಡನೆಯದರಲ್ಲಿ ಏನೂ ಉದುರಲಿಲ್ಲ. ಪತ್ರ ಓದುವ ಮುಂಚೆಯೇ ಗೊತ್ತಾಯಿತಂತೆ. ಅರ್ಧ ಗಂಟೆ ಆದಮೇಲೆ ನಾವು ಬರೆದಿಟ್ಟಿದ್ದ ಅದೇ ಹಾಳೆ ಹಿಡಿದುಕೊಂಡು ಬಂದಳು. ಐದು ಹೆಸರಿನ ಮುಂದೆ ಎರಡು ರೈಟು, ಎರಡು ಪ್ರಶ್ನೆ ಚಿಹ್ನೆ, ಒಂದು ತಪ್ಪು ಗುರುತು. ತಪ್ಪು ಗುರುತು ಇದ್ದದ್ದು ಅವಳಿಗೆ ತುಂಬ ಇಷ್ಟವಾಗಿದ್ದ ಶಾಲೆಯ ಮುಂದೆ. ಆಗ ನಾನು "ಹೋಗ್ಲಿ ಬಿಡು, ಅವರಿಗೇ ನಷ್ಟ" ಅಂದೆ. ಅನ್ನಬಾರದಿತ್ತು. ಅವಳಿಗೆ ಆ ಶಾಲೆ ಇಷ್ಟವಾಗಿದ್ದದ್ದು ನಿಜ, ಅದನ್ನು ನಾನು ಒಂದು ಮಾತಲ್ಲಿ ಒರೆಸಿ ಹಾಕಲು ನೋಡಿದೆ. ಅವಳು ಬಾಗಿಲು ಹಾಕಿಕೊಂಡಳು.

ಆ ರಾತ್ರಿ ಬೇರೆಯವರ ಮಕ್ಕಳಿಗೆ ಏನಾಯಿತು ಅಂತ ಕೇಳಬೇಡಿ, ನಿಮ್ಮದನ್ನೂ ಗ್ರೂಪುಗಳಲ್ಲಿ ಹಾಕಬೇಡಿ. ಒಂದೇ ಕ್ಲಾಸಿನಿಂದ ಒಂದೇ ಶಾಲೆಗೆ ಮೂವರು ಹಾಕಿರುತ್ತಾರೆ.

ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ

ಮೇಲಿನ ಸಾಲು ಓದಿ ಕಿರುಚಿಕೊಂಡವರು ಕೆಳಗಿನದನ್ನು ಬಿಟ್ಟಿರುತ್ತಾರೆ. ಮುಖ್ಯವಾಗಿ ನೋಡಬೇಕಾದ್ದು: ಯಾವ ಕ್ಲಾಸಿಗೆ ಸೀಟು ಕೊಟ್ಟಿದ್ದಾರೆ? ಹತ್ತಕ್ಕೆ ಹಾಕಿದ ಮಗುವಿಗೆ ಒಂಬತ್ತಕ್ಕೆ ಕೊಡುವುದು ಉಂಟು, ಅಂದರೆ ಒಂದು ವರ್ಷ ಮತ್ತೆ ಓದಬೇಕು. ಹಾಸ್ಟೆಲ್ ಸೀಟೋ, ಮನೆಯಿಂದ ಹೋಗಿ ಬರುವ ಡೇ ಸೀಟೋ? ವರ್ಷದ ಕೊನೆಯ ಅಂಕಪಟ್ಟಿ ಕಳಿಸಬೇಕು, ಅಂಕ ಕುಸಿಯಬಾರದು ಅನ್ನೋ ಷರತ್ತು ಇದೆಯಾ? ಧನಸಹಾಯ ಕೇಳಿದ್ದರೆ ಅದರ ಪತ್ರ ಬೇರೆ ಕಡೆ ಇರಬಹುದು, ಹುಡುಕಿ.

ಉತ್ತರ ಮೂರು ಥರ ಅಂತ ಎಲ್ಲರೂ ಹೇಳುತ್ತಾರೆ: ಹೌದು, ಕಾಯಿರಿ, ಇಲ್ಲ. ನಾಲ್ಕನೆಯದೂ ಒಂದಿದೆ. ಸೀಟು ಇದೆ, ಆದರೆ ಕೇಳಿದ ಧನಸಹಾಯ ಇಲ್ಲ ಅಥವಾ ಸಾಲದು. ನಮಗೆ ಸಿಕ್ಕ ಎರಡು ಹೌದುಗಳಲ್ಲಿ ಒಂದು ಇದೇ. ಕಾಗದದ ಚೂರು ಉದುರಿದ್ದೂ ಅಲ್ಲೇ.

ಸೀಟು ಸಿಕ್ಕಿದ್ದರೆ: ಮೊದಲು ದುಡ್ಡಿನ ಮಾತು

ಎರಡು ದಿನ ಏನೂ ಮಾಡಬೇಡಿ. ಖುಷಿಪಡಿ. ಪೋರ್ಟಲ್ಲಿನಲ್ಲಿ "ಒಪ್ಪಿದೆ" ಅನ್ನೋ ಬಟನ್ ಎದುರಿಗೇ ಇರುತ್ತದೆ, ಒತ್ತಬೇಡಿ. ಏಪ್ರಿಲ್ 10ರವರೆಗೆ ಟೈಮ್ ಇದೆ. ಬೇಗ ಒತ್ತಿದರೆ ಒಳ್ಳೆ ರೂಮು ಸಿಗುತ್ತದೆ ಅಂತೇನಿಲ್ಲ.

ಆಮೇಲೆ ಒಂದೊಂದು ಶಾಲೆಗೂ ಒಂದೊಂದು ಪುಟ ಇಟ್ಟು ಲೆಕ್ಕ ಬರೆಯಿರಿ. ಮೇಲೆ ಅವರು ಹೇಳಿದ ಫೀಸು. ಕೆಳಗೆ ಅವರು ಸಣ್ಣ ಅಕ್ಷರದಲ್ಲಿ ಹೇಳಿದ್ದು: ಲ್ಯಾಪ್‌ಟಾಪು, ಪುಸ್ತಕ, ಆರೋಗ್ಯ ವಿಮೆ, ಬಟ್ಟೆ ಒಗೆಯುವ ಖರ್ಚು, ಸಂಗೀತದ ಖಾಸಗಿ ಪಾಠ, ಆಟದ ಸಾಮಾನು. ಅದರ ಕೆಳಗೆ ಅವರು ಹೇಳದೇ ಇರೋದು: ಓಡಾಟದ ಖರ್ಚು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ, ಡಿಸೆಂಬರಿನ ಚಳಿಗಾಲದ ರಜೆ, ಮಾರ್ಚಿನ ರಜೆ, ಈ ಮೂರು ಸಲವೂ ಬಹಳಷ್ಟು ಶಾಲೆಗಳಲ್ಲಿ ಹಾಸ್ಟೆಲ್ ಮುಚ್ಚುತ್ತಾರೆ. ಮಗು ಎಲ್ಲಿಗೆ ಹೋಗುತ್ತದೆ, ಯಾರು ಕರಕೊಂಡು ಹೋಗುತ್ತಾರೆ, ಟಿಕೆಟ್ ಎಷ್ಟು? ದೂರದವರಿಗೆ ಇದು ದೊಡ್ಡ ಮೊತ್ತ.

ಧನಸಹಾಯದ ಪತ್ರದಲ್ಲಿ ಮೊತ್ತದ ಪಕ್ಕದ ಪದ ನೋಡಿ. ಗ್ರ್ಯಾಂಟ್ ಅಂದರೆ ವಾಪಸ್ ಕೊಡಬೇಕಿಲ್ಲ. ಲೋನ್ ಅಂದರೆ ಸಾಲ. ಸಾಮಾನ್ಯವಾಗಿ ಇದು ಒಂದು ವರ್ಷಕ್ಕೆ ಮಾತ್ರ, ಪ್ರತಿ ವರ್ಷ ಆದಾಯದ ಕಾಗದ ಕೊಟ್ಟು ಮತ್ತೆ ಅರ್ಜಿ ಹಾಕಬೇಕು. ಇಬ್ಬರಲ್ಲಿ ಒಬ್ಬರ ಕೆಲಸ ಹೋದರೆ ಏನಾಗುತ್ತದೆ, ಅಣ್ಣನೋ ಅಕ್ಕನೋ ಕಾಲೇಜಿಗೆ ಸೇರಿದರೆ ಏನಾಗುತ್ತದೆ ಅಂತ ಈಗಲೇ ಕೇಳಿಡಿ.

ಮೊತ್ತ ಸಾಲದೇ ಇದ್ದರೆ ಮತ್ತೆ ಕೇಳಬಹುದು. ಇದರಲ್ಲಿ ನಾಚಿಕೆ ಏನಿಲ್ಲ. ಆದರೆ "ಜಾಸ್ತಿ ಕೊಡಿ" ಅಂತ ಬರೆದರೆ ಆಗಲ್ಲ. ಅರ್ಜಿ ಹಾಕಿದ ಮೇಲೆ ಬದಲಾದದ್ದು ಏನು? ಆಸ್ಪತ್ರೆ ಖರ್ಚು, ಅಜ್ಜಿ ತಾತನನ್ನು ನೋಡಿಕೊಳ್ಳುವ ಖರ್ಚು, ಸಂಬಳ ಕಡಿತ, ಇಂಥದ್ದಕ್ಕೆ ಕಾಗದ ಸಮೇತ ಬರೆಯಿರಿ. ನಾವು ಬರೆದೆವು. ಒಂದು ವಾರದ ಮೇಲೆ ಮರ್ಯಾದೆಯಾಗಿ, ಈ ವರ್ಷದ ದುಡ್ಡು ಹಂಚಿಯಾಗಿದೆ ಅಂದರು. ಆ ಶಾಲೆಯ ಪುಟ ಅಲ್ಲಿಗೆ ಮುಚ್ಚಿತು. ಬೇಜಾರಾಯಿತು ನಿಜ, ಆದರೆ ಏಪ್ರಿಲ್ 2ಕ್ಕೇ ಗೊತ್ತಾದದ್ದು ಒಳ್ಳೆಯದಾಯಿತು.

ಇನ್ನು ಒಪ್ಪಂದದ ಕಾಗದ. ಸೀಟು ಒಪ್ಪಿಕೊಳ್ಳೋದು ಅಂದರೆ ಕಾನೂನಿನ ಪ್ರಕಾರ ಸಹಿ ಹಾಕೋದು, ಜೊತೆಗೆ ಡೆಪಾಸಿಟ್ ಕಟ್ಟೋದು. ಡೆಪಾಸಿಟ್ ಸಾಮಾನ್ಯವಾಗಿ ವಾಪಸ್ ಬರಲ್ಲ. ಹಲವು ಒಪ್ಪಂದಗಳಲ್ಲಿ ಒಂದು ತಾರೀಕು ಇರುತ್ತದೆ. ಅದು ದಾಟಿದ ಮೇಲೆ ಮಗು ಒಂದು ದಿನವೂ ಹೋಗದಿದ್ದರೂ ಇಡೀ ವರ್ಷದ ಫೀಸಿಗೆ ನೀವೇ ಹೊಣೆ. ಆ ತಾರೀಕಿಗೆ ಕೆಂಪು ಗೆರೆ ಎಳೆಯಿರಿ. ಮಧ್ಯದಲ್ಲಿ ಕಾಯಿಲೆ ಬಿದ್ದು ಬಿಡಬೇಕಾಗಿ ಬಂದರೆ ಸ್ವಲ್ಪ ದುಡ್ಡು ವಾಪಸ್ ಕೊಡುವ ಫೀಸು ವಿಮೆ ಇರುತ್ತದೆ. ಮನೆಯ ನೆನಪಾಗಿ ಮಗು ತಾನಾಗಿ ವಾಪಸ್ ಬಂದರೆ ಅದು ಎಷ್ಟು ಕೊಡುತ್ತದೆ ಅನ್ನೋದನ್ನು ಕೇಳಿಕೊಂಡೇ ತಗೊಳ್ಳಿ.

ಎರಡನೇ ಸಲ ನೋಡಿ ಬನ್ನಿ

ಸೀಟು ಕೊಟ್ಟ ಮಕ್ಕಳನ್ನು ಶಾಲೆಗಳು ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಒಂದು ದಿನ ಕರೆಯುತ್ತವೆ. ರೀವಿಸಿಟ್ ಡೇ ಅನ್ನುತ್ತಾರೆ. ಹಿಂದೆ ಹೋದಾಗ ನಾವು ಒಳ್ಳೆ ಅಂಗಿ ಹಾಕಿಕೊಂಡು ಪರೀಕ್ಷೆಗೆ ಹೋದವರ ಥರ ನಡೆದುಕೊಂಡಿರುತ್ತೇವೆ. ಈ ಸಲ ಶಾಲೆಯೇ ಒಳ್ಳೆ ಅಂಗಿ ಹಾಕಿಕೊಂಡಿರುತ್ತದೆ. ಬಲೂನು, ಹಾಡು, ಹೆಸರು ಬರೆದ ಚೀಟಿ, ಎಲ್ಲ. ಅದರಾಚೆ ನೋಡಬೇಕು.

ಮಗುವನ್ನು ಕ್ಲಾಸಿಗೆ ಕಳಿಸುತ್ತಾರೆ, ಅದು ಮುಖ್ಯ. ನ್ಯೂ ಹ್ಯಾಂಪ್‌ಶೈರಿನ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಯಲ್ಲಿ 1930ರ ದಶಕದಿಂದ ಮೊಟ್ಟೆಯಾಕಾರದ ಮೇಜಿನ ಸುತ್ತ ಹನ್ನೆರಡು ಮಕ್ಕಳು ಕೂತು ಚರ್ಚೆ ಮಾಡಿಯೇ ಕಲಿಯುತ್ತಾರೆ. ಎಡ್ವರ್ಡ್ ಹಾರ್ಕ್‌ನೆಸ್ ಅನ್ನೋ ದಾನಿಯ ಹೆಸರು ಆ ಮೇಜಿಗೆ. ಈಗ ಬೇರೆ ಶಾಲೆಗಳಲ್ಲೂ ಇದೇ ಪದ್ಧತಿ ಇದೆ. ಮಾತಾಡುವ ಮಗುವಿಗೆ ಅದು ಹಬ್ಬ. ಕೇಳಿಸಿಕೊಂಡು, ಮನೆಗೆ ಬಂದು ಯೋಚನೆ ಮಾಡುವ ಮಗುವಿಗೆ? ಆ ಮೇಜಿನ ಹತ್ತಿರ ಒಂದು ಗಂಟೆ ಕೂತು ಬಂದರೆ ಅವರಿಗೇ ಗೊತ್ತಾಗುತ್ತದೆ.

ಅಪ್ಪ ಅಮ್ಮ ಕೇಳಬೇಕಾದ್ದು ಬೇರೆ. ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಮಗು ಯಾರ ಬಾಗಿಲು ತಟ್ಟಬೇಕು? ಫೋನು ರಾತ್ರಿ ಯಾರ ಹತ್ತಿರ ಇರುತ್ತದೆ? ಶನಿವಾರ ಕ್ಲಾಸು ಇದೆಯಾ? ವೈ-ಫೈ ಎಷ್ಟು ಗಂಟೆಗೆ ನಿಲ್ಲಿಸುತ್ತಾರೆ? ಮಾಂಸ ತಿನ್ನದ ಮಗುವಿಗೆ ರಾತ್ರಿ ಊಟಕ್ಕೆ ಸೊಪ್ಪಿನ ಸಲಾಡ್ ಬಿಟ್ಟು ಏನಿದೆ? ಕೊನೆಯ ಪ್ರಶ್ನೆಯನ್ನು ಅಡ್ಮಿಷನ್ ಆಫೀಸಿನಲ್ಲಿ ಕೇಳಬೇಡಿ, ಊಟದ ಮನೆಯಲ್ಲಿ ಸಾಲಿನಲ್ಲಿ ನಿಂತ ಮಕ್ಕಳನ್ನು ಕೇಳಿ. ನಾನು ಕೇಳಿದಾಗ ಒಬ್ಬ ಹುಡುಗಿ ನಕ್ಕು, "ಸಿರಿಯಲ್ ಯಾವಾಗಲೂ ಇರುತ್ತೆ ಆಂಟಿ" ಅಂದಳು. ಅಷ್ಟು ಸಾಕಿತ್ತು. ಆದರೂ ಮಗಳು ಅದೇ ಶಾಲೆಯನ್ನು ಆರಿಸಿಕೊಂಡಳು. ಯಾಕೆ ಅಂದರೆ, ಅವಳನ್ನು ಸುತ್ತಾಡಿಸಿದ ಹುಡುಗಿ ಹಾಸ್ಟೆಲ್ ರೂಮನ್ನು ಗುಡಿಸದೇ ತೋರಿಸಿದಳಂತೆ.

ಹೋಗಲು ಆಗದಿದ್ದರೆ ಆನ್‌ಲೈನ್ ಭೇಟಿ ಕೇಳಿ. ಜೊತೆಗೆ ಈಗ ಓದುತ್ತಿರುವ ಮಗುವಿನ ಮನೆಯವರೊಬ್ಬರ ಜೊತೆ ಫೋನಿನಲ್ಲಿ ಮಾತಾಡಿಸಿ ಅಂತ ಕೇಳಿ. ಕೇಳಿದರೆ ಮಾಡಿಸುತ್ತಾರೆ.

ವೇಟ್‌ಲಿಸ್ಟ್ ಬಂದಿದ್ದರೆ

ಜಾಸ್ತಿ ತಪ್ಪು ತಿಳಿವಳಿಕೆ ಇರೋದು ಇಲ್ಲೇ. ವೇಟ್‌ಲಿಸ್ಟ್ ಅಂದಾಗ ರೈಲಿನ ಟಿಕೆಟ್ ನೆನಪಾಗುತ್ತದೆ, ನಮ್ಮದು ಎಷ್ಟನೇ ನಂಬರು ಅಂತ ಕೇಳುತ್ತೇವೆ. ಸಾಮಾನ್ಯವಾಗಿ ಇಲ್ಲಿ ನಂಬರೇ ಇರಲ್ಲ. ಇರೋದು ಹಾಸಿಗೆಗಳ ಲೆಕ್ಕ. ಒಂಬತ್ತನೇ ಕ್ಲಾಸಿನ ಹುಡುಗಿಯರ ಹಾಸ್ಟೆಲಿನಲ್ಲಿ ಇಪ್ಪತ್ತು ಹಾಸಿಗೆ ಇವೆ ಅಂದುಕೊಳ್ಳಿ. ಹುಡುಗನೊಬ್ಬ ಸೀಟು ಬಿಟ್ಟರೆ ಅಲ್ಲೇನೂ ಖಾಲಿಯಾಗಲ್ಲ. ಡೇ ಸೀಟು ಬಿಟ್ಟರೂ ಖಾಲಿಯಾಗಲ್ಲ. ಹುಡುಗಿಯೊಬ್ಬಳು ಬಿಟ್ಟರೆ ಖಾಲಿಯಾಗುತ್ತದೆ, ಆದರೆ ಅವಳು ಸೆಲ್ಲೋ ನುಡಿಸುವವಳಾಗಿದ್ದರೆ ಆರ್ಕೆಸ್ಟ್ರಾದವರು ಇನ್ನೊಬ್ಬ ಸೆಲ್ಲೋದವಳನ್ನು ಕೇಳಬಹುದು. ಧನಸಹಾಯ ಬೇಕಾದ ಮಗುವಿಗೆ ಹಾಸಿಗೆಯ ಜೊತೆ ದುಡ್ಡೂ ಖಾಲಿ ಇರಬೇಕು. ಆಂಡೋವರಿನ ಫಿಲಿಪ್ಸ್ ಅಕಾಡೆಮಿ, ಎಕ್ಸೆಟರ್‌ನಂಥ ಕೆಲವೇ ಶಾಲೆಗಳು ಮನೆಯ ಆದಾಯ ನೋಡದೆ ಸೀಟು ತೀರ್ಮಾನ ಮಾಡುತ್ತವೆ. ಬಾಕಿ ಬಹಳಷ್ಟು ಕಡೆ ದುಡ್ಡಿನ ಲೆಕ್ಕವೂ ಸೇರಿರುತ್ತದೆ.

ಈಗ ಮಾಡಬೇಕಾದ್ದು. ಪಟ್ಟಿಯಲ್ಲಿ ಉಳಿಯುತ್ತೀರಾ ಅಂತ ಪೋರ್ಟಲ್ಲಿನಲ್ಲಿ ಕೇಳಿರುತ್ತಾರೆ. ಉತ್ತರ ಕೊಡದಿದ್ದರೆ ಹೆಸರು ಹೋಗಬಹುದು. ನಿಜವಾಗಿ ಆಸೆ ಇದ್ದರೆ ಮಾತ್ರ ಹೌದು ಅನ್ನಿ. ಆಮೇಲೆ ಮಗು ಒಂದೇ ಒಂದು ಪತ್ರ ಬರೆಯಲಿ, ಒಂದು ಪುಟ ದಾಟದ ಹಾಗೆ. ನಮ್ಮವಳು ಬರೆದದ್ದರ ಸಾರ ಹೀಗಿತ್ತು: ಈಗಲೂ ಬರುವ ಆಸೆ ಇದೆ. ಜನವರಿಯಿಂದ ಈಚೆಗೆ ವಿಜ್ಞಾನ ಮೇಳಕ್ಕೆ ಕೆರೆಯ ನೀರಿನ ಮೇಲೆ ಕೆಲಸ ಮಾಡಿದೆ, ಹೊಸ ಅಂಕಪಟ್ಟಿ ಜೊತೆಗಿದೆ. ಸೀಟು ಕೊಟ್ಟರೆ ಎರಡು ದಿನದಲ್ಲಿ ಉತ್ತರ ಕೊಡುತ್ತೇನೆ. "ಸೀಟು ಕೊಟ್ಟರೆ ಖಂಡಿತ ಬರುತ್ತೇನೆ" ಅಂತ ಬರೆಯಬಹುದು, ಆದರೆ ಒಂದೇ ಶಾಲೆಗೆ, ಅದೂ ನಿಜವಾಗಿದ್ದರೆ. ನಮ್ಮಲ್ಲಿ ಎರಡು ಕಡೆಗೂ ಅದೇ ವಾಕ್ಯ ಬರೆಯುವ ಯೋಚನೆ ಬಂದಿತ್ತು. ಮಗಳೇ ಬೇಡ ಅಂದಳು.

ಹೊಸ ಶಿಫಾರಸು ಪತ್ರಗಳ ಕಟ್ಟು, ಸಿಹಿ ಡಬ್ಬಿ, ಯಾರೋ ಟ್ರಸ್ಟಿಯ ಪರಿಚಯದವರಿಂದ ಫೋನು, ಇವೆಲ್ಲ ಬೇಡ. ಅಪ್ಪ ವಾರಕ್ಕೊಂದು ಸಲ ಫೋನ್ ಮಾಡೋದು ಅದಕ್ಕಿಂತ ಬೇಡ.

ಏಪ್ರಿಲ್ 10 ಬಂದಾಗ ವೇಟ್‌ಲಿಸ್ಟ್ ನಂಬಿಕೊಂಡು ಕೈಯಲ್ಲಿರುವ ಸೀಟು ಬಿಡಬೇಡಿ. ಅಲ್ಲಿ ಡೆಪಾಸಿಟ್ ಕಟ್ಟಿ. ಆ ದಿನ ಕಳೆದ ಮೇಲೆಯೇ ಯಾರು ಬರಲ್ಲ ಅಂತ ಶಾಲೆಗಳಿಗೆ ಗೊತ್ತಾಗೋದು, ಪಟ್ಟಿ ಅಲ್ಲಾಡೋದೂ ಆಗಲೇ. ಕೆಲವು ವರ್ಷ ಯಾರನ್ನೂ ಕರೆಯಲ್ಲ, ಕೆಲವು ವರ್ಷ ಜೂನ್‌ವರೆಗೂ ಕರೆಯುತ್ತಾರೆ. ಕರೆದರೆ ಯೋಚಿಸಲು ಒಂದೆರಡು ದಿನ ಕೊಟ್ಟರೆ ಹೆಚ್ಚು. ಹೋದರೆ ಮೊದಲಿನ ಡೆಪಾಸಿಟ್ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಮನೆಯಲ್ಲೇ ಒಂದು ಕೊನೆ ದಿನ ಇಟ್ಟುಕೊಳ್ಳಿ. ನಾವು ಮೇ 15 ಇಟ್ಟಿದ್ದೆವು. ಅವತ್ತು ಬೆಳಿಗ್ಗೆ ಮಗಳು ಎರಡೂ ಪಟ್ಟಿಯಿಂದ ಹೆಸರು ತೆಗೆಸಿದಳು.

ಇಲ್ಲ ಅಂದಿದ್ದರೆ

ಕಾರಣ ಪತ್ರದಲ್ಲಿ ಇರಲ್ಲ. ಈಗಿನ ಶಾಲೆಯ ಕೌನ್ಸೆಲರ್ ಇದ್ದರೆ ಅವರು ಫೋನ್ ಮಾಡಿ ಕೇಳಬಹುದು, ಒಂದೆರಡು ಮಾತು ಸಿಗಬಹುದು. ತೀರ್ಮಾನ ಬದಲಾಗಲಿ ಅಂತ ಜಗಳಕ್ಕೆ ಹೋಗಬೇಡಿ, ಬದಲಾಗಲ್ಲ.

ಮುಂದಿನ ವರ್ಷ ಮತ್ತೆ ಹಾಕಬಹುದು. ಆದರೆ ಒಂಬತ್ತನೇ ಕ್ಲಾಸಿಗೆ ಸೀಟು ಹೆಚ್ಚು, ಹತ್ತಕ್ಕೆ ಕಡಿಮೆ, ಹನ್ನೊಂದಕ್ಕೆ ಇನ್ನೂ ಕಡಿಮೆ. ಎಲ್ಲ ಕಡೆ ಇಲ್ಲ ಅಂತ ಬಂದಿದ್ದರೆ, ಏಪ್ರಿಲ್ ನಂತರವೂ ಅರ್ಜಿ ತಗೊಳ್ಳುವ ಶಾಲೆಗಳಿವೆ. ಅಲ್ಲಿ ಹಾಸಿಗೆ ಖಾಲಿ ಇದೆಯಾ ಅಂತ ನೇರವಾಗಿ ಕೇಳಿ. ಗಾಬರಿಯಲ್ಲಿ ಯಾವುದೋ ಒಂದಕ್ಕೆ ಸೇರಿಸುವ ಮುಂಚೆ, ಈಗ ಓದುತ್ತಿರುವ ಶಾಲೆಯಲ್ಲೇ ಇನ್ನೊಂದು ವರ್ಷ ಇದ್ದರೆ ಮಗುವಿಗೆ ಏನನ್ನಿಸುತ್ತದೆ ಅಂತ ಕೇಳಿ. ಕೆಲವರ ಮುಖದಲ್ಲಿ ನಿರಾಳ ಕಾಣುತ್ತದೆ.

ಬೇಡ ಅನ್ನೋದನ್ನೂ ಬೇಗ ಹೇಳಿ

ಯಾವುದಕ್ಕೆ ಹೋಗಲ್ಲ ಅಂತ ಖಚಿತವಾಯಿತೋ ಆ ಶಾಲೆಗೆ ಅವತ್ತೇ ತಿಳಿಸಿ. ಎರಡು ಸಾಲು ಸಾಕು. ನೀವು ಬಿಟ್ಟ ಹಾಸಿಗೆಗೆ ಇನ್ನೊಂದು ಮನೆಯಲ್ಲಿ ಯಾರೋ ಪ್ರಶ್ನೆ ಚಿಹ್ನೆ ಹಾಕಿಕೊಂಡು ಕೂತಿರುತ್ತಾರೆ. ಎರಡು ಶಾಲೆಗೆ ಡೆಪಾಸಿಟ್ ಕಟ್ಟಿ ಇಟ್ಟುಕೊಳ್ಳುವವರೂ ಇದ್ದಾರೆ, ಅದು ಸರಿಯಲ್ಲ, ಗೊತ್ತಾದರೆ ಎರಡೂ ಕಡೆ ಹೆಸರು ಕೆಡುತ್ತದೆ.

ಹೊರದೇಶದಿಂದ ಬರುವ ಮಕ್ಕಳಿಗೆ

ಡೆಪಾಸಿಟ್ ಕಟ್ಟಿ, ಫೀಸು ಕಟ್ಟುವ ಶಕ್ತಿ ಇದೆ ಅನ್ನೋದಕ್ಕೆ ಬ್ಯಾಂಕಿನ ಕಾಗದ ಕೊಟ್ಟ ಮೇಲೆ ಶಾಲೆ ಐ-20 ಅನ್ನೋ ಫಾರಂ ಕೊಡುತ್ತದೆ. ಅದರಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ಆಮೇಲೆ 350 ಡಾಲರಿನ ಸೆವಿಸ್ ಫೀಸು (ಸೆವಿಸ್ ಅಂದರೆ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ), ಡಿಎಸ್-160 ಅನ್ನೋ ವೀಸಾ ಅರ್ಜಿ, ಎಫ್-1 ಅಂದರೆ ವಿದ್ಯಾರ್ಥಿ ವೀಸಾದ ಇಂಟರ್ವ್ಯೂ. ಬೇಸಿಗೆಯಲ್ಲಿ ಇಂಟರ್ವ್ಯೂ ದಿನ ಸಿಗೋದು ಕಷ್ಟ, ಐ-20 ಕೈಗೆ ಬಂದ ವಾರವೇ ಹುಡುಕಿ. ವೀಸಾ ಬೇಗ ಸಿಕ್ಕರೂ, ಐ-20ಯಲ್ಲಿ ಬರೆದ ಶುರುವಿನ ದಿನಕ್ಕಿಂತ 30 ದಿನಕ್ಕೂ ಮುಂಚೆ ದೇಶದೊಳಗೆ ಬಿಡಲ್ಲ. ಟಿಕೆಟ್ ತಗೊಳ್ಳುವಾಗ ನೆನಪಿರಲಿ.

ಏಪ್ರಿಲ್ 10 ಆದಮೇಲೆ

ಶಿಫಾರಸು ಪತ್ರ ಬರೆದ ಗಣಿತ ಮತ್ತು ಇಂಗ್ಲಿಷ್ ಟೀಚರುಗಳಿಗೆ ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಮಗುವೇ ಹೋಗಿ ಹೇಳಲಿ, ಕೈಬರಹದಲ್ಲಿ ಒಂದು ಚೀಟಿ ಕೊಟ್ಟರೆ ಇನ್ನೂ ಒಳ್ಳೆಯದು. ಅವರಿಗೆ ಹೇಳೋದನ್ನೇ ಮರೆತುಬಿಡುತ್ತೇವೆ.

ಮೇ ತಿಂಗಳಿಂದ ಫಾರಂಗಳು ಬರುತ್ತವೆ: ವೈದ್ಯರ ತಪಾಸಣೆ, ಚುಚ್ಚುಮದ್ದುಗಳ ಪಟ್ಟಿ, ಔಷಧಿ ಕೊಡಲು ಒಪ್ಪಿಗೆ, ರೂಮ್‌ಮೇಟ್ ಹೇಗಿರಬೇಕು ಅನ್ನೋ ಪ್ರಶ್ನೆಗಳು. ಕೊನೆಯದನ್ನು ಮಗುವೇ ತುಂಬಲಿ. "ನೀನು ಬೇಗ ಏಳುತ್ತೀಯಾ?" ಅನ್ನೋ ಪ್ರಶ್ನೆಗೆ ನಾನು ಹೌದು ಅಂತ ಗುರುತು ಹಾಕಿದ್ದೆ. ಮಗಳು ನೋಡಿ ಅಳಿಸಿದಳು. ತಪಾಸಣೆಗೆ ಡಾಕ್ಟರ ಹತ್ತಿರ ಜೂನ್‌ನಲ್ಲೇ ಸಮಯ ತಗೊಳ್ಳಿ. ಚುಚ್ಚುಮದ್ದಿನ ಫಾರಂ ಪೂರ್ತಿಯಾಗದಿದ್ದರೆ ಸೆಪ್ಟೆಂಬರಿನಲ್ಲಿ ಎರಡು ಸೂಟ್‌ಕೇಸ್ ಇಟ್ಟುಕೊಂಡು ಹಾಸ್ಟೆಲ್ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.